14 ತಿಂಗಳಾಯಿತು. ಟೆಸ್ಟ್ ಮಾಡಿಸಬೇಕಾ, ಇನ್ನೂ ಕಾಯಬೇಕಾ?

ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 32 ತುಂಬಿ ನಾಲ್ಕು ತಿಂಗಳಾಯಿತು. ನಮ್ಮವರಿಗೆ 36. ಮದುವೆಯಾಗಿ ಎರಡೂವರೆ ವರ್ಷ. ಮೊದಲ ವರ್ಷ ನಾವೇ ಮಗು ಬೇಡ ಅಂದುಕೊಂಡಿದ್ದೆವು. ಬೇಕು ಅಂತ ಶುರು ಮಾಡಿ ಈಗ 14 ತಿಂಗಳು. ನಾನು ಒಂದು ಸಹಕಾರ ಸಂಘದಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಅವರದು ಕೊಬ್ಬರಿ ವ್ಯಾಪಾರ. ದುಡ್ಡು ವಸೂಲಿಗೆ ಉತ್ತರದ ಕಡೆ ಹೋದರೆ ಎಂಟು ಹತ್ತು ದಿನ ಮನೆಗೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಮುಟ್ಟಾದರೆ ಮೂರು ದಿನ ದೇವರ ಮನೆಗೆ ಹೋಗುವಂತಿಲ್ಲ. ಬೇರೆ ಯಾವ ಕಟ್ಟುನಿಟ್ಟೂ ಇಲ್ಲ, ಅಡುಗೆ ಎಲ್ಲ ನಾನೇ ಮಾಡುತ್ತೇನೆ. ಆದರೆ ಸಂಜೆ ದೀಪ ಹಚ್ಚುವುದು ನನ್ನ ಕೆಲಸ. ಯಾವ ಸಂಜೆ ಅತ್ತೆ ಎದ್ದು ದೀಪ ಹಚ್ಚುತ್ತಾರೋ, ಈ ತಿಂಗಳೂ ಇಲ್ಲ ಅಂತ ಮನೆಗೆಲ್ಲ ಗೊತ್ತಾಗುತ್ತದೆ. ಮಾವ ಟಿವಿ ಸೌಂಡ್ ಕಡಿಮೆ ಮಾಡುತ್ತಾರೆ. ಹೋದ ತಿಂಗಳು ಅತ್ತೆ ಬೆಂಕಿಪೊಟ್ಟಣ ಎಲ್ಲಿ ಅಂತ ಕೇಳಿದರು. ಕೊಟ್ಟೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. (ಅತ್ತೆ, ಅತ್ತೆ. ಎರಡಕ್ಕೂ ಅವೇ ಅಕ್ಷರ. ಈಗ ಟೈಪ್ ಮಾಡುವಾಗ ಗಮನಕ್ಕೆ ಬಂತು.)

ಅವರು ಕೆಟ್ಟವರಲ್ಲ. ದೊಡ್ಡಮಳೂರಿಗೆ ಕರೆದುಕೊಂಡು ಹೋಗಿ ಅಂಬೆಗಾಲು ಕೃಷ್ಣನಿಗೆ ಬೆಣ್ಣೆ ಕೊಡಿಸಿ, ತೊಟ್ಟಿಲು ಕೊಡುತ್ತೇವೆ ಅಂತ ಹರಕೆ ಹೊತ್ತು ಬಂದರು. ನನಗೂ ಅಲ್ಲಿ ಮನಸ್ಸಿಗೆ ಹಿತ ಆಯಿತು, ಸುಳ್ಳು ಹೇಳುವುದಿಲ್ಲ.

ಕಷ್ಟ ಆಗಿದ್ದು ನಾದಿನಿಯ ಸೀಮಂತದ ದಿನ. ಒಬ್ಬೊಬ್ಬರಾಗಿ ಆರತಿ ಮಾಡುತ್ತಿದ್ದರು. ತಟ್ಟೆ ನನ್ನ ಹತ್ತಿರ ಬರುವಾಗ ಹಿಂದಿನಿಂದ ಯಾರೋ ‘ಐದು ಜನ ಆಯ್ತು, ಸಾಕು’ ಅಂದರು. ನಾನು ಎಣಿಸಿದ್ದೆ. ನಾಲ್ಕೇ ಆಗಿತ್ತು.

ಈಗ ಪ್ರಶ್ನೆ. ನನ್ನ ಡೇಟ್ (ಮುಟ್ಟು) 28 ದಿನಕ್ಕೆ ಬರುವುದೇ ಇಲ್ಲ. 35, 38, 40, ಒಂದು ಸಲ 46. ಆಫೀಸಿನಲ್ಲಿ ಒಬ್ಬರು ‘14ನೇ ದಿನ ಮುಖ್ಯ ಕಣೇ’ ಅಂದಿದ್ದರು, ನಾವು ಅದರ ಆಚೀಚೆ ನೋಡಿಕೊಳ್ಳುತ್ತಿದ್ದೆವು. 14 ತಿಂಗಳು ಅಂದರೆ ಡಾಕ್ಟರ ಹತ್ತಿರ ಹೋಗುವಷ್ಟು ಆಯಿತಾ? ಹೋದರೆ ಸೀದಾ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವುದು) ಅನ್ನುತ್ತಾರಾ? ನಮ್ಮವರು ‘ಮೊದಲು ನೀನು ತೋರಿಸಿಕೋ, ನಿನಗೇನೂ ಇಲ್ಲ ಅಂದರೆ ಆಮೇಲೆ ನಾನು ನೋಡುತ್ತೇನೆ’ ಅನ್ನುತ್ತಾರೆ. ಅದು ಸರೀನಾ?

ಇನ್ನೊಂದು ಇದೆ. ಹೇಳಿಕೊಳ್ಳಲು ನಾಚಿಕೆ. ಆಸ್ಪತ್ರೆಗೆ ಹೋಗದಿದ್ದಷ್ಟು ದಿನ ‘ಇನ್ನೂ ಆಗಿಲ್ಲ’ ಅಷ್ಟೇ. ಹೋದ ದಿನದಿಂದ ‘ಏನೋ ತೊಂದರೆ ಇದೆ’ ಅಂತ ಆಗುತ್ತದೆ. ಈ ಭಯಕ್ಕೇ ಎರಡು ಸಲ ಟೋಕನ್ ತೆಗೆದುಕೊಂಡು ವಾಪಸ್ ಬಂದಿದ್ದೇನೆ.

ಬೆಟ್ಟದ ಕೆಳಗಿನ ಮನೆ (ಮೈಸೂರು)

ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ನಾನು ಎರಡು ವರ್ಷ ಬೆಲೆ ಕೊಟ್ಟಿದ್ದೇನೆ. ‘ಮೊದಲು ನೀನು, ಆಮೇಲೆ ನಾನು’ ಸರಿಯಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ನಾನು ಹೋದ ಕ್ಲಿನಿಕ್‌ನಲ್ಲಿ ಗಂಡ ಎಲ್ಲಿ ಅಂತ ಯಾರೂ ಕೇಳಲಿಲ್ಲ. ರಕ್ತ, ಸ್ಕ್ಯಾನ್, ಮತ್ತೆ ಸ್ಕ್ಯಾನ್. ಗರ್ಭನಾಳದ ಟ್ಯೂಬ್ ಟೆಸ್ಟ್. ಎಂಟು ತಿಂಗಳು ಮಾತ್ರೆ. ಕೊನೆಗೆ ಹೊಟ್ಟೆಯಲ್ಲಿ ಮೂರು ತೂತು ಮಾಡಿ ಲ್ಯಾಪರೋಸ್ಕೋಪಿ. ಎಲ್ಲಾ ನಾರ್ಮಲ್. ನಾರ್ಮಲ್ ಅಂತ ಕೇಳಿದಾಗಲೆಲ್ಲ ಸಂತೋಷ ಪಡಬೇಕಾ, ಅಳಬೇಕಾ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಫೈಲ್ ತಿರುವಿ, ‘ಇವರ ರಿಪೋರ್ಟ್ ಎಲ್ಲಿ?’ ಅಂದರು. ಇರಲಿಲ್ಲ. ಮಾರನೇ ವಾರ ನಮ್ಮವರ ಟೆಸ್ಟ್ ಆಯಿತು. ವೀರ್ಯಾಣು ಕೌಂಟ್ ಸೊನ್ನೆ.

ಇನ್ನೊಂದು ಸಲ ಮಾಡಿದರು, ಅದೂ ಸೊನ್ನೆ. ಅವರಿಗೆ ನಾಲ್ಕು ವರ್ಷ ಇದ್ದಾಗ ಹರ್ನಿಯಾ ಆಪರೇಷನ್ ಆಗಿತ್ತಂತೆ. ಆಗ ನಾಳಕ್ಕೆ ಪೆಟ್ಟಾಗಿರಬಹುದು, ಒಳಗೆ ವೀರ್ಯಾಣು ತಯಾರಾಗುತ್ತಿದೆ, ಹೊರಗೆ ಬರುವ ದಾರಿ ಮುಚ್ಚಿದೆ ಅಂದರು. ಈಗ ಸೂಜಿಯಿಂದ ತೆಗೆದು ಐವಿಎಫ್ ಮಾಡುತ್ತಿದ್ದಾರೆ. ಮೊದಲ ಸಲ ನಿಲ್ಲಲಿಲ್ಲ. ಎರಡನೆಯದಕ್ಕೆ ತಯಾರಿ ನಡೆದಿದೆ. ನನಗೆ ಈಗ 37. ಆ ಎರಡು ವರ್ಷ ಕೈಯಲ್ಲಿದ್ದಿದ್ದರೆ ನನಗೆ 35.

ಅವರ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ. ಒಂದು ಡಬ್ಬಿ, ಒಂದು ಗಂಟೆ, ಕೆಲವು ನೂರು ರೂಪಾಯಿ. ಅಷ್ಟೇ ಆಗಿತ್ತು ಅದು.

ಎಲ್ಲಾ ಒಳ್ಳೇದಾಗುತ್ತೆ

ಟೆನ್ಷನ್ ಮಾಡಿಕೊಳ್ಳಬೇಡಿ ಸಿಸ್ಟರ್. ನಮ್ಮ ಕಸಿನ್‌ಗೆ ಏಳು ವರ್ಷ ಆಗಿರಲಿಲ್ಲ. ಎಲ್ಲಾ ಬಿಟ್ಟು ಆರಾಮಾಗಿ ಊಟಿಗೆ ಹೋಗಿ ಬಂದರು, ಮಾರನೇ ತಿಂಗಳು ಆಯಿತು. ತಲೆಯಲ್ಲಿ ಅದೇ ಯೋಚನೆ ಇದ್ದರೆ ನಿಲ್ಲುವುದಿಲ್ಲ. ನಮ್ಮ ಕಡೆ ಒಬ್ಬರು ಕಷಾಯ ಕೊಡುತ್ತಾರೆ, ಬೇಕಿದ್ದರೆ ಹೇಳಿ.

ತಿಪಟೂರಿನವಳು

ಒಳ್ಳೆ ಮನಸ್ಸಿನಿಂದ ಹೇಳಿದ್ದೀರಿ, ಥ್ಯಾಂಕ್ಸ್. ಆದರೆ ಯೋಚನೆ ಮಾಡಬೇಡ ಅಂದರೆ ಯೋಚನೆ ಮಾಡಿದ್ದೂ ನನ್ನದೇ ತಪ್ಪು ಅಂತ ಅನ್ನಿಸಿ ಇನ್ನೊಂದು ಭಾರ ಆಗುತ್ತದೆ. ಕಷಾಯ ಈಗಾಗಲೇ ಮೂರು ಥರ ಕುಡಿದಿದ್ದೇನೆ. ಒಂದಂತೂ ಎಷ್ಟು ಕಹಿ ಅಂದರೆ ಲೋಟ ತೊಳೆದ ಮೇಲೂ ಕಾಫಿಗೆ ಆ ರುಚಿ ಬರುತ್ತಿತ್ತು.

ಪೀಣ್ಯ ಸೆಕೆಂಡ್ ಶಿಫ್ಟ್

ಗಂಡಸರು ಇಲ್ಲಿ ಬರೆಯುವುದು ಕಡಿಮೆ, ಆದರೂ ಬರೆಯುತ್ತೇನೆ. ಇದನ್ನು ನಿಮ್ಮ ಯಜಮಾನರಿಗೆ ತೋರಿಸಿ. ತೋರಿಸಲು ಆಗದಿದ್ದರೆ ಫೋನ್ ಲಾಕ್ ಮಾಡದೆ ಟೀಪಾಯಿ ಮೇಲೆ ಇಟ್ಟುಬಿಡಿ.

ಅಣ್ಣಾ, ನಾನೂ ಆರು ತಿಂಗಳು ತಪ್ಪಿಸಿಕೊಂಡು ಓಡಾಡಿದೆ. ಓವರ್‌ಟೈಮ್ ಇದೆ, ಆಡಿಟ್ ಇದೆ, ಜ್ವರ ಇದೆ. ನಿಜ ಏನೆಂದರೆ, ರಿಪೋರ್ಟ್‌ನಲ್ಲಿ ಕಡಿಮೆ ಅಂತ ಬಂದರೆ ಮಾರನೇ ದಿನ ಹೆಂಡತಿ ಮುಖ ಹೇಗೆ ನೋಡುವುದು ಅನ್ನುವ ಭಯ. ಅವಳು ಆಗಲೇ ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡಿದ್ದಳು.

ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಟೆಸ್ಟ್‌ಗೆ ಮೊದಲು ಕನಿಷ್ಠ ಎರಡು ದಿನ, ಹೆಚ್ಚೆಂದರೆ ಏಳು ದಿನ ಬಿಡುವು ಇರಬೇಕು. ಲ್ಯಾಬಿನಲ್ಲಿ ಒಂದು ಡಬ್ಬಿ ಕೊಟ್ಟು ರೂಮ್ ತೋರಿಸುತ್ತಾರೆ. ನನ್ನ ರೂಮಿನ ಬಾಗಿಲ ಚಿಲಕ ಸರಿ ಇರಲಿಲ್ಲ, ಹೊರಗೆ ಯಾರೋ ಶುಗರ್ ಟೆಸ್ಟ್ ರಿಪೋರ್ಟ್‌ಗೆ ಜಗಳ ಆಡುತ್ತಿದ್ದರು. ಆಗಲಿಲ್ಲ. ವಾಪಸ್ ಬಂದೆ. ಎರಡನೇ ಸಲ ಮನೆಯಿಂದ ತೆಗೆದುಕೊಂಡು ಹೋದೆ. ಅದಕ್ಕೂ ಅವಕಾಶ ಇದೆ, ಮೊದಲೇ ಕೇಳಿಕೊಳ್ಳಿ. ಒಂದು ಗಂಟೆ ಒಳಗೆ ಲ್ಯಾಬ್ ಮುಟ್ಟಿಸಬೇಕು, ತಣ್ಣಗಾಗಬಾರದು. ಡಬ್ಬಿಯನ್ನು ಶರ್ಟಿನ ಒಳಗೆ ಇಟ್ಟುಕೊಂಡು ಬೈಕ್ ಓಡಿಸಿದೆ. ದಾಸರಹಳ್ಳಿ ಸಿಗ್ನಲ್‌ನಲ್ಲಿ ನಿಂತಾಗ ಪೊಲೀಸ್ ಹಿಡಿದು ಇದೇನು ಅಂತ ಕೇಳಿದರೆ ಏನು ಹೇಳುವುದು ಅಂತ ಯೋಚನೆ ಮಾಡಿ ಒಬ್ಬನೇ ನಕ್ಕೆ.

ರಿಪೋರ್ಟ್ ಬಂತು. 9 ಮಿಲಿಯನ್. ಅಂದರೆ ಒಂದು ಮಿ.ಲೀ.ಗೆ 90 ಲಕ್ಷ. ಕೆಳಗಿನ ಮಿತಿ 16 ಮಿಲಿಯನ್ ಅಂತ ಪಕ್ಕದಲ್ಲೇ ಬರೆದಿತ್ತು. ಅವತ್ತು ಶಿಫ್ಟ್‌ಗೆ ಹೋಗಲಿಲ್ಲ. ಡಾಕ್ಟರ್ ಮಾತ್ರ ತಣ್ಣಗೆ ಕೇಳಿದರು: ‘ಇತ್ತೀಚೆಗೆ ಜ್ವರ ಬಂದಿತ್ತಾ?’ ಐದು ವಾರದ ಹಿಂದೆ ಡೆಂಗ್ಯೂ ಆಗಿ ಮಲಗಿದ್ದೆ. ಒಂದು ವೀರ್ಯಾಣು ಪೂರ್ತಿ ತಯಾರಾಗಿ ಹೊರಗೆ ಬರಲು ಎರಡೂವರೆ ಮೂರು ತಿಂಗಳು ಬೇಕಂತೆ. ಜೋರು ಜ್ವರದ ಪೆಟ್ಟು ಅಷ್ಟು ದಿನ ಕಾಣುತ್ತದೆ. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಬೇಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ನನ್ನ ಕೆಲಸ ಕುಲುಮೆ ಪಕ್ಕ. ಬಿಸಿ ಜಾಗದಿಂದ ಸ್ವಲ್ಪ ದಿನ ದೂರ ಇರಿ ಅಂತಲೂ ಹೇಳಿದರು. ಸೂಪರ್‌ವೈಸರ್‌ಗೆ ಬೆನ್ನು ನೋವು ಅಂತ ಹೇಳಿ ಪ್ಯಾಕಿಂಗ್‌ಗೆ ಹಾಕಿಸಿಕೊಂಡೆ. ಗುಟ್ಕಾ ಬಿಟ್ಟೆ. ಎರಡನೇ ರಿಪೋರ್ಟ್ 31 ಮಿಲಿಯನ್. ಜ್ವರ ಇಳಿದದ್ದಕ್ಕಾ, ಗುಟ್ಕಾ ಬಿಟ್ಟದ್ದಕ್ಕಾ, ಯಾವುದರಿಂದ ಅಂತ ನನಗೆ ಗೊತ್ತಿಲ್ಲ.

ನಮಗೆ ಈಗ ಮಗಳಿದ್ದಾಳೆ, ಒಂದೂವರೆ ವರ್ಷ. ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಎರಡನೇ ಸಲಕ್ಕೆ ಆಯಿತು.

ಹುಡುಗರಿಗೆ ಇನ್ನೊಂದು ಮಾತು. ಜಿಮ್‌ನಲ್ಲಿ ಬಾಡಿ ಬರಲಿ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚುತ್ತಾರಲ್ಲ, ಅದು ಕೌಂಟ್ ಇಳಿಸುತ್ತದೆ. ನಮ್ಮ ಲೈನಿನ ಒಬ್ಬ ಹುಡುಗನಿಗೆ ಹಾಗೆ ಆಗಿದೆ. ಗಂಡಸ್ತನ ಜಾಸ್ತಿ ಆಗುತ್ತದೆ ಅಂದುಕೊಂಡಿದ್ದ, ಪಾಪ.

ಸಿಸ್ಟರ್ ಅಕ್ಕ

ನಾನು ಹೆರಿಗೆ ಆಸ್ಪತ್ರೆಯ ಓಪಿಡಿಯಲ್ಲಿ 19 ವರ್ಷ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಆದರೆ ಬಾಗಿಲಲ್ಲಿ ಕೂತು ನೋಡಿದ್ದು ತುಂಬಾ ಇದೆ. ತಿಪಟೂರಿನ ತಂಗಿ, ಸೀದಾ ಹೇಳುತ್ತೇನೆ. ಹೋಗು.

ಲೆಕ್ಕ ಹೀಗಿದೆ. 35ರ ಒಳಗಿನವರು ಒಂದು ವರ್ಷ ಪ್ರಯತ್ನ ಮಾಡಿ ಆಗದಿದ್ದರೆ ತೋರಿಸಬೇಕು. 35 ದಾಟಿದ್ದರೆ ಆರು ತಿಂಗಳು. 40 ಆಗಿದ್ದರೆ ಕಾಯುವುದೇ ಬೇಡ. ಆದರೆ ಈ ‘ಒಂದು ವರ್ಷ’ ತಿಂಗಳು ತಿಂಗಳು ಸರಿಯಾಗಿ ಡೇಟ್ ಆಗುವವರಿಗೆ. ನಿನ್ನ ಹಾಗೆ 35 ದಿನ ದಾಟಿ 40, 46 ಹೋಗುವವರು, ಹಿಂದೆ ಟಿಬಿ ಆದವರು, ಹೊಟ್ಟೆಯ ಆಪರೇಷನ್ ಆದವರು, ಮುಟ್ಟಿನ ನೋವಿಗೆ ಎದ್ದು ನಿಲ್ಲಲೂ ಆಗದವರು ಮೊದಲೇ ಬರಬೇಕು. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಅಂದುಕೊಂಡಿರುತ್ತಾರೆ. ಗರ್ಭನಾಳಕ್ಕೂ ಬಂದು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ.

ಇನ್ನು ಆ 14ನೇ ದಿನ. ಯಾರಮ್ಮ ಹೇಳಿದ್ದು ನಿನಗೆ? ಅದು 28 ದಿನಕ್ಕೆ ಡೇಟ್ ಆಗುವವರ ಲೆಕ್ಕ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆ ಆಗುತ್ತದೆ. ಹಿಂದಿನಿಂದ ಎಣಿಸಬೇಕು. 38 ದಿನದವರಿಗೆ ಅದು 24ನೇ ದಿನದ ಹತ್ತಿರ. ಅಂಡ ಒಂದು ದಿನ ಇದ್ದರೆ ಹೆಚ್ಚು, ವೀರ್ಯಾಣು ಒಳಗೆ ಐದು ದಿನದ ತನಕ ಬದುಕುತ್ತದೆ. ಹಾಗಾಗಿ ಅಂಡ ಬಿಡುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಲೆಕ್ಕಕ್ಕೆ. ನೀವು ನೋಡಿಕೊಂಡಿದ್ದು 14ರ ಆಚೀಚೆ. ಅದರ ಮೇಲೆ ನಿನ್ನ ಗಂಡ ಊರಲ್ಲೇ ಇರುವುದಿಲ್ಲ. ಕೂತು ಎಣಿಸು, 14 ತಿಂಗಳಲ್ಲಿ ನಿಜವಾಗಿ ಎಷ್ಟು ಸಲ ಅವಕಾಶ ಇತ್ತು ಅಂತ.

ಎಣಿಸಿ ಕಡಿಮೆ ಬಂತು ಅಂತ ಮತ್ತೆ ಒಂದು ವರ್ಷ ಮುಂದೆ ಹಾಕಬೇಡ. ಡೇಟ್ ಯಾಕೆ ಹೀಗೆ ಮುಂದೆ ಹೋಗುತ್ತದೆ ಅಂತ ಹೇಗೂ ನೋಡಿಸಬೇಕು.

ಮೊದಲ ದಿನ ಸೀದಾ ಐವಿಎಫ್ ಅನ್ನುವುದಿಲ್ಲ. ಅಂದರೆ ಎದ್ದು ಬಾ. ಕೇಳುವುದು, ತೂಕ, ಬಿಪಿ, ಒಂದು ಸ್ಕ್ಯಾನ್. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಹಾರ್ಮೋನ್‌ಗೆ ರಕ್ತ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್). ಇವಕ್ಕೆ ಜೊತೆಜೊತೆಗೆ ಗಂಡನ ಟೆಸ್ಟ್. ಅಂಡ ಬಿಡುಗಡೆ ಆಗಿದೆಯಾ ನೋಡಲು ಪ್ರೊಜೆಸ್ಟೆರಾನ್ ಹಾರ್ಮೋನ್ ಟೆಸ್ಟ್ ಬರೆದರೆ ‘21ನೇ ದಿನ’ ಅಂತ ಚೀಟಿಯಲ್ಲಿ ಇರುತ್ತದೆ. ಅದೂ 28 ದಿನದವರಿಗೇ. ನಿನಗೆ ಮುಂದಿನ ಡೇಟ್‌ಗೆ ಏಳು ದಿನ ಮೊದಲು, ಅಂದರೆ 38 ದಿನದ ಸೈಕಲ್ ಆದರೆ 31ರ ಹತ್ತಿರ ಬರುತ್ತದೆ. ನನ್ನ ಸೈಕಲ್ ಇಷ್ಟು ದಿನ ಅಂತ ಬಾಯಿಬಿಟ್ಟು ಹೇಳು. ಹೇಳದೇ 21ಕ್ಕೆ ರಕ್ತ ಕೊಟ್ಟು, ಕಡಿಮೆ ಬಂತು ಅಂತ ಅಳುತ್ತಾ ಬಂದವರು ಎಷ್ಟು ಜನ.

ಟ್ಯೂಬ್ ಟೆಸ್ಟ್, ಎಚ್‌ಎಸ್‌ಜಿ ಅನ್ನುತ್ತಾರಲ್ಲ, ಅದು ಮುಟ್ಟು ನಿಂತ ಮೇಲೆ, ಅಂಡ ಬಿಡುವ ಮೊದಲು ಮಾಡುವುದು. ಎಕ್ಸ್‌ರೇಯಲ್ಲಿ ಕಾಣುವ ಒಂದು ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ನೋವಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಜೋರು ಮುಟ್ಟಿನ ನೋವಿನ ಹಾಗೆ ಕೆಲವು ನಿಮಿಷ. ಮೊದಲೇ ನೋವಿನ ಮಾತ್ರೆ ಕೇಳಿ ತೆಗೆದುಕೋ, ಒಬ್ಬಳೇ ಹೋಗಬೇಡ. ಎಲ್ಲರಿಗೂ ಅದು ಮೊದಲೇ ಬೇಕಾಗುವುದಿಲ್ಲ.

ಎಎಂಎಚ್ ಅಂತ ಒಂದು ಟೆಸ್ಟ್ ಇದೆ. ಈಗ ಎಲ್ಲಾ ಪ್ಯಾಕೇಜ್‌ನಲ್ಲೂ ಸೇರಿಸುತ್ತಾರೆ. ಅಂಡದ ದಾಸ್ತಾನು ಎಷ್ಟು ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಅದು ಕಡಿಮೆ ಬಂದರೆ ತಾನಾಗಿ ಗರ್ಭ ನಿಲ್ಲುವುದೇ ಇಲ್ಲ ಅಂತ ಅರ್ಥ ಅಲ್ಲ. ಅದೊಂದು ನಂಬರ್ ಹಿಡಿದುಕೊಂಡು ಹೆದರಿಸುವವರಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳು. ಮುಂದೆ ಐಯುಐ, ಐವಿಎಫ್ ತನಕ ಹೋದರೆ, 2021ರ ಕಾನೂನಿನ ಪ್ರಕಾರ ಆ ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಸರ್ಟಿಫಿಕೇಟ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಗ್ಯಾಸ್ ಸಿಲಿಂಡರ್ ತೂಕ ಕೇಳುತ್ತೀವಿ, ಇದನ್ನು ಕೇಳಬಾರದಾ?

ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಅಂತ ಬಂದರೆ ಲೆಟ್ರೊಜೋಲ್ ಮಾತ್ರೆ ಬರೆಯಬಹುದು. ಗೂಗಲ್ ಮಾಡಿದರೆ ಸ್ತನ ಕ್ಯಾನ್ಸರ್ ಮಾತ್ರೆ ಅಂತ ಬರುತ್ತದೆ. ಗಾಬರಿ ಬೀಳಬೇಡ, ಅಂಡ ಬಿಡಿಸಲಿಕ್ಕೂ ಅದನ್ನೇ ಕೊಡುತ್ತಾರೆ. ಫೋಲಿಕ್ ಆಸಿಡ್ ಇವತ್ತಿನಿಂದಲೇ ಶುರು ಮಾಡು, ದಿನಕ್ಕೆ 400 ಮೈಕ್ರೋಗ್ರಾಂ. ಶುಗರ್ ಅಥವಾ ಫಿಟ್ಸ್ ಇದ್ದರೆ ಮಾತ್ರ ಡೋಸ್ ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು.

ಟೋಕನ್ ತೆಗೆದುಕೊಂಡು ವಾಪಸ್ ಹೋಗುವವರನ್ನು ನಾನು ದಿನಾ ನೋಡುತ್ತೇನೆ. ಬೆಂಚಿನ ತುದಿಯಲ್ಲಿ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ನಂಬರ್ ಕೂಗಿದಾಗ ಎದ್ದು ಹೊರಗೆ ಹೋಗುತ್ತಾರೆ. ನಾನು ಇನ್ನೊಂದು ಸಲ ಕೂಗುತ್ತೇನೆ, ಸ್ವಲ್ಪ ಜೋರಾಗಿ.

ಆಗುಂಬೆ ಮಳೆ

ಎಲ್ಲರ ಕಥೆಯಲ್ಲೂ ಕೊನೆಗೆ ಮಗು ಇರುವುದಿಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ. ನನಗೆ 43. ನಾವು ಎಲ್ಲಾ ಟೆಸ್ಟ್ ಮಾಡಿಸಿದೆವು. ಇಬ್ಬರಲ್ಲೂ ಏನೂ ಸಿಗಲಿಲ್ಲ. ‘ಕಾರಣ ತಿಳಿಯದ’ ಅಂತ ಅದಕ್ಕೂ ಒಂದು ಹೆಸರಿದೆ. ನಾಲ್ಕು ಐಯುಐ, ಎರಡು ಐವಿಎಫ್. ಅಡಿಕೆ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಎರಡನೆಯದರಲ್ಲಿ ನಿಂತ ಗರ್ಭ ಒಂಬತ್ತು ವಾರಕ್ಕೆ ಹೋಯಿತು. ಆಮೇಲೆ ನಿಲ್ಲಿಸಿದೆವು.

ಶುರು ಮಾಡುವ ಮೊದಲೇ ಇಬ್ಬರೂ ಕೂತು ಎಲ್ಲಿಯವರೆಗೆ ಅಂತ ಮಾತಾಡಿಕೊಳ್ಳಿ. ಎಷ್ಟು ದುಡ್ಡು, ಎಷ್ಟು ಸಲ. ಆಮೇಲೆ ಬದಲಾಯಿಸಿಕೊಳ್ಳಬಹುದು. ನಾವು ಮಾತಾಡಿಕೊಂಡಿರಲಿಲ್ಲ. ನಾನು ಸಾಕು ಅಂದುಕೊಂಡಾಗ ಅವರು ಇನ್ನೊಂದು ಸಲ ಅಂದರು, ಅವರು ಸಾಕು ಅಂದಾಗ ನನಗೆ ಆಸೆ ಹುಟ್ಟಿತ್ತು.

ಟೆಸ್ಟ್ ಮಾಡಿಸಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂತ ನಾದಿನಿ ಒಮ್ಮೆ ಕೇಳಿದಳು. ಇಲ್ಲ ಅಂದೆ. ಆರತಿ ತಟ್ಟೆ ವಿಷಯ ಓದಿ ಹೊಟ್ಟೆ ಉರಿಯಿತು ತಂಗಿ. ನನ್ನ ಸೀಮೆಯಲ್ಲಿ ಹಾಗೆ ಮಾಡಿದವರ ಮನೆ ಫಂಕ್ಷನ್‌ಗೆ ನಾನು ಹೋಗುವುದೇ ಬಿಟ್ಟೆ. ಕೆಲವರು ಅಹಂಕಾರ ಅಂದರು. ಅನ್ನಲಿ.

ತಿಪಟೂರಿನವಳು

ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ, 16 ದಿನ ತಡವಾಗಿ.

ಸಿಸ್ಟರ್ ಅಕ್ಕಾ, ಎಣಿಸಿದೆ. ನಾನು ಹಾಲಿನ ಲೆಕ್ಕದ ಕ್ಯಾಲೆಂಡರ್‌ನಲ್ಲಿ ಡೇಟ್‌ಗೆ ಒಂದು ಚುಕ್ಕೆ ಇಡುತ್ತೇನೆ. ಅವರ ಓಡಾಟದ ತಾರೀಖು ವಸೂಲಿ ಪುಸ್ತಕದಲ್ಲಿ ಇತ್ತು. ಎರಡನ್ನೂ ಪಕ್ಕ ಇಟ್ಟುಕೊಂಡು ರಾತ್ರಿ ಅಡುಗೆಮನೆಯಲ್ಲಿ ಕೂತೆ. 14 ತಿಂಗಳು ಅಂದರೆ ನನಗೆ 11 ಸಲ. ನೀವು ಹೇಳಿದ ಆ ಆರು ದಿನಗಳಲ್ಲಿ ಅವರು ಊರಲ್ಲಿ ಇದ್ದದ್ದು ಐದು ಸಲ. ಆ ಐದರಲ್ಲೂ ನಾವು 14ರ ಹಿಂದೆ ಬಿದ್ದಿದ್ದೆವು. ನಗು ಬಂತು, ಆಮೇಲೆ ಸಿಟ್ಟು ಬಂತು. ದಿನಾ ಲಕ್ಷಗಟ್ಟಲೆ ಲೆಕ್ಕ ತಾಳೆ ಮಾಡುವವಳು ನಾನು.

ಅವರು ನೀರು ಕುಡಿಯಲು ಬಂದವರು ಇದೇನು ಅಂದರು. ತೋರಿಸಿದೆ. ಪೀಣ್ಯದ ಅಣ್ಣ ಬರೆದದ್ದನ್ನೂ ಓದಲು ಕೊಟ್ಟೆ. ಸಿಗ್ನಲ್ ಪೊಲೀಸ್ ಜಾಗಕ್ಕೆ ಬಂದಾಗ ಜೋರಾಗಿ ನಕ್ಕರು. ಹರ್ನಿಯಾ ಕಥೆ ಓದಿ ಸುಮ್ಮನಾದರು. ಮಲಗುವಾಗ ‘ತಿಪಟೂರು ಬೇಡ, ಲ್ಯಾಬಿನವನು ಪರಿಚಯ’ ಅಂದರು. ಅಷ್ಟೇ ಮಾತು.

ಹೋದ ಸೋಮವಾರ ತುಮಕೂರಿಗೆ ಹೋದೆವು. ನನ್ನ ನಂಬರ್ ಕೂಗಿದಾಗ ಎದ್ದೆ, ಒಳಗೇ ಹೋದೆ. ಡಾಕ್ಟರ್ ಇಬ್ಬರಿಗೂ ಕುರ್ಚಿ ಹಾಕಿಸಿದರು. ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಥರ ಕಾಣುತ್ತಿದೆ, ಪಿಸಿಓಎಸ್ ಇರಬಹುದು, ರಕ್ತ ನೋಡಿ ಹೇಳುತ್ತೇನೆ ಅಂದರು. ಟ್ಯೂಬ್ ಟೆಸ್ಟ್ ಸದ್ಯಕ್ಕೆ ಬೇಡವಂತೆ. ನಮ್ಮವರ ರಿಪೋರ್ಟ್ ಮೂರು ದಿನಕ್ಕೆ ಬಂತು, 44 ಮಿಲಿಯನ್. ‘ನನಗೇನೂ ಇಲ್ಲ’ ಅಂತ ಮೀಸೆ ತಿರುವುತ್ತಾರೇನೋ ಅಂತ ನನಗೆ ಭಯ ಇತ್ತು. ಕಾಗದ ಮಡಿಚಿ ವಸೂಲಿ ಪುಸ್ತಕದೊಳಗೆ ಇಟ್ಟು, ‘ನಿನ್ನ ರಕ್ತ ಯಾವತ್ತು ಕೊಡಬೇಕು?’ ಅಂದರು.

ಆಗುಂಬೆ ಅಕ್ಕಾ, ನಿಮ್ಮ ಮಾತನ್ನೂ ಹೇಳಿದ್ದೇನೆ. ಎಲ್ಲಿಯವರೆಗೆ ಅಂತ ಇನ್ನೂ ಮಾತಾಡಿಲ್ಲ. ಮಾತಾಡುತ್ತೇವೆ.

ಇವತ್ತು ಡೇಟ್ ಆಯಿತು, 39ನೇ ದಿನ. ಸಂಜೆ ಅತ್ತೆ ಎದ್ದರು, ಮಾವ ಟಿವಿ ಸೌಂಡ್ ಕಡಿಮೆ ಮಾಡಿದರು. ನಾನು ಬೆಂಕಿಪೊಟ್ಟಣ ಕೊಡುತ್ತಾ, ‘ಅತ್ತೆ, ನಾಳೆ ಎರಡನೇ ದಿನ. ಬೆಳಿಗ್ಗೆ ತುಮಕೂರಿಗೆ ಹೋಗಿ ರಕ್ತ ಕೊಡಬೇಕು, ಇಬ್ಬರೂ ಹೋಗುತ್ತಿದ್ದೇವೆ’ ಅಂದೆ. ಅವರು ದೀಪ ಹಚ್ಚಿ ಮುಗಿಸುವ ತನಕ ಏನೂ ಹೇಳಲಿಲ್ಲ. ಆಮೇಲೆ ಹೊರಗೆ ಬಂದು, ‘ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?’ ಅಂತ ಕೇಳಿದರು. ಬೇಡವಂತೆ ಅಂದೆ. ಈಗ ಇಡ್ಲಿಗೆ ರುಬ್ಬುತ್ತಿದ್ದಾರೆ.